ಮೆಸ್ಸಿನ ತಟ್ಟೆಗೊಂದು ಅಲ್ಗಾರಿದಮ್

ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾವು ಮೂವರು ಆರಿಸಿಕೊಂಡಿರೋದು ಊಟದ ಪಾಠ. ಅಡಾಪ್ಟಿವ್ ಲರ್ನಿಂಗ್, ಅಂದ್ರೆ ಎಲ್ಲರಿಗೂ ಒಂದೇ ವಿಡಿಯೋ ತೋರಿಸೋ ಬದಲು ನಿಮ್ಮ ಉತ್ತರ ನೋಡಿ ಮುಂದಿನ ಪಾಠ ಕೊಡೋ ಸಾಫ್ಟ್‌ವೇರ್. ಗಣಿತಕ್ಕೆ ಇದು ಚೆನ್ನಾಗಿ ಒಗ್ಗುತ್ತೆ. ಊಟಕ್ಕೆ?

ಇಂಥ ಸಾಫ್ಟ್‌ವೇರ್‌ಗಳಲ್ಲಿ ಬಳಸೋ ಒಂದು ಹಳೇ ಮಾದರಿ 'ಬೇಸಿಯನ್ ನಾಲೆಡ್ಜ್ ಟ್ರೇಸಿಂಗ್'. 1990ರ ದಶಕದಲ್ಲಿ ಕಾರ್ಬೆಟ್ ಮತ್ತು ಆಂಡರ್ಸನ್ ರೂಪಿಸಿದ್ದು. ವಿದ್ಯಾರ್ಥಿಗೆ ವಿಷಯ ಗೊತ್ತಿರೋ ಸಂಭವ ಎಷ್ಟು ಅಂತ ಪ್ರತಿ ಉತ್ತರದ ನಂತರ ಅದು ಲೆಕ್ಕ ಹಾಕುತ್ತೆ. ಅದರಲ್ಲಿ 'ಸ್ಲಿಪ್' ಅಂತ ಒಂದು ಪ್ಯಾರಾಮೀಟರ್ ಇದೆ: ಗೊತ್ತಿದ್ದೂ ತಪ್ಪು ಉತ್ತರ ಕೊಡೋ ಸಂಭವ. ಹಾಸ್ಟೆಲ್ ಊಟದ ವಿಷಯದಲ್ಲಿ ನಾವೆಲ್ಲ ಬದುಕ್ತಿರೋದೇ ಸ್ಲಿಪ್ಪಿನಲ್ಲಿ! ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ನಮಗೆ ಬಾಯಿಪಾಠ. ತಟ್ಟೆಯಲ್ಲಿ ಇರೋದು ಸಾಂಬಾರಿನ ಎರಡು ನುಗ್ಗೆಕಾಯಿ ತುಂಡು.

2011ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥ ಪಾಠಗಳ ಮೇಲಿನ 43 ಅಧ್ಯಯನಗಳನ್ನ ಒಟ್ಟಿಗೆ ಪರಿಶೀಲಿಸಿದ್ರು. ಹಣ್ಣು-ತರಕಾರಿ ದಿನಕ್ಕೆ ಸುಮಾರು ಕಾಲು ಸರ್ವಿಂಗ್ ಹೆಚ್ಚಾಗಿತ್ತು, ಅಷ್ಟೆ. ಖರ್ಚಿಗೆ ತಕ್ಕ ಲಾಭ ಸಿಗೋದು ಅನುಮಾನ ಅಂತ ಬರೆದ್ರು. ನಮ್ಮ ಗೈಡ್ ಕೂಡ ಅದನ್ನೇ ತೋರಿಸಿ, "ಮತ್ತೆ ಯಾಕ್ರಪ್ಪಾ ಇದು?" ಅಂದ್ರು.

ಯಾಕೆ ಅಂದ್ರೆ, ನಮ್ಮ ರೂಮ್‌ಮೇಟ್. ರಕ್ತ ಕೊಡೋಕೆ ಹಿಮೋಗ್ಲೋಬಿನ್ 12.5 ಇರಬೇಕು, ಕ್ಯಾಂಪಸ್ ಶಿಬಿರದಲ್ಲಿ ಅವಳಿಗೆ ಬಂದಿದ್ದು 9.8. ಡಾಕ್ಟರ್ ಮಾತ್ರೆ ಬರೆದುಕೊಟ್ಟಿದ್ದಾರೆ, ಜೊತೆಗೆ ಊಟ ಸರಿ ಮಾಡ್ಕೋ ಅಂದಿದ್ದಾರೆ. ಕಬ್ಬಿಣಾಂಶ ಯಾವುದರಲ್ಲಿದೆ ಅಂತ ಕೇಳಿದ್ರೆ ಅವಳು ಪಟ್ಟಿನೇ ಒಪ್ಪಿಸ್ತಾಳೆ. ಯಾವ ಕ್ವಿಜ್ ಇಟ್ರೂ ಫುಲ್ ಮಾರ್ಕ್ಸು.

ಅದಕ್ಕೆ ನಮ್ಮ ಸಾಫ್ಟ್‌ವೇರ್ ಕೇಳೋ ಮೊದಲ ಪ್ರಶ್ನೆಗಳೇ ಬೇರೆ: ಇವತ್ತು ಮೆಸ್ಸಲ್ಲಿ ಏನಿದೆ? ಕ್ಲಾಸ್ ಎಷ್ಟು ಗಂಟೆಗೆ? ಕೈಲಿ ಎಷ್ಟು ದುಡ್ಡಿದೆ? ಸೊಪ್ಪಿನ ಸಾರು ಅಂದ್ರೆ ಮೇಲೆ ನಿಂಬೆಹಣ್ಣು ಹಿಂಡ್ಕೊಳ್ಳಿ ಅನ್ನುತ್ತೆ, ಯಾಕಂದ್ರೆ ವಿಟಮಿನ್ ಸಿ ಇದ್ರೆ ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಸೇರುತ್ತೆ. ತಿಂಡಿ ಜೊತೆಗೇ ಟೀ ಕುಡಿದ್ರೆ ಅದು ಅಡ್ಡ ಬರುತ್ತೆ. ಒಂದು ಗಂಟೆ ಬಿಟ್ಟು ಕುಡೀರಿ ಅನ್ನುತ್ತೆ. ಎಂಟು ಗಂಟೆಗೆ ಲ್ಯಾಬ್ ಇದೆ, ಆಗಲ್ಲ ಅಂತ ಒತ್ತಿದ್ರೆ ಮತ್ತೆ ಅದನ್ನೇ ಹೇಳಿ ತಲೆ ತಿನ್ನಲ್ಲ. ಬ್ಯಾಗಲ್ಲಿ ಹುರಿಗಡಲೆ ಇಟ್ಕೊಳ್ಳೋಕೆ ಆಗುತ್ತಾ ಅಂತ ಕೇಳುತ್ತೆ.

ಇನ್ನೊಂದು ರೂಲ್ ಹಾಕಿದ್ದೀವಿ. ವಾರದಲ್ಲಿ ಮೂರು ದಿನ ತುಂಬಾ ಜನ 'ತರಕಾರಿ ಇರಲಿಲ್ಲ' ಅಂತ ಒತ್ತಿದ್ರೆ, ಮುಂದಿನ ಪಾಠ ವಿದ್ಯಾರ್ಥಿಗಳಿಗೆ ಬರಲ್ಲ, ಮೆಸ್ ಕಮಿಟಿಗೆ ಹೋಗುತ್ತೆ. ಕಮಿಟಿಯವರು ಇನ್ನೂ ಲಾಗಿನ್ ಮಾಡಿಲ್ಲ. ಸೋಮವಾರ ಮೀಟಿಂಗ್ ಇದೆ. ರೂಮ್‌ಮೇಟನ್ನೂ ಕರ್ಕೊಂಡು ಹೋಗ್ತಿದ್ದೀವಿ.