ಮಾವನ ಅಂಗಡಿಯ ನೆಲದಲ್ಲಿ ಎಷ್ಟು ಚಿನ್ನವಿತ್ತು?

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವಾಗ ನಮ್ಮ ರೂಮಿನಲ್ಲಿ ರಾತ್ರಿ ಊಟದ ಜೊತೆ ಓಡುತ್ತಿದ್ದದ್ದು ಡಿಸ್ಕವರಿಯ 'ಗೋಲ್ಡ್ ರಶ್'. 2010ರ ಕೊನೆಗೆ ಅಮೆರಿಕದಲ್ಲಿ ಶುರುವಾದ ರಿಯಾಲಿಟಿ ಶೋ ಅದು. ಅಲಾಸ್ಕಾ, ಕ್ಲಾಂಡೈಕ್ ಕಡೆ ದೈತ್ಯ ಯಂತ್ರಗಳನ್ನು ತಂದು ಮಣ್ಣು ತೊಳೆಯುತ್ತಾರೆ, ಜಗಳ ಆಡುತ್ತಾರೆ, ಕೊನೆಗೆ ತಕ್ಕಡಿ ಬರುತ್ತದೆ. ಎಷ್ಟು ಔನ್ಸ್ ಸಿಕ್ಕೀತು ಅಂತ ನಾವು ಚಹಾಕ್ಕೆ ಬೆಟ್ ಕಟ್ಟುತ್ತಿದ್ದೆವು.

ಅದೇ ಹುಚ್ಚಿನಲ್ಲಿ ಹಳೆಯ ಕಂಪ್ಯೂಟರಿನ ರ‍್ಯಾಮ್‌ಗಳ ಅಂಚಿನ ಹಳದಿ ಪಟ್ಟಿಗಳನ್ನು ಕತ್ತರಿಸಿ ಒಂದು ಡಬ್ಬಿ ತುಂಬಿಸಿದ್ದೂ ಉಂಟು. ಆ ಚಿನ್ನದ ಲೇಪ ಒಂದು ಮೈಕ್ರಾನ್‌ನಷ್ಟೂ ದಪ್ಪ ಇರುವುದಿಲ್ಲ ಎಂದು ಓದಿದ ದಿನ ಡಬ್ಬಿ ಗುಜರಿಗೆ ಹೋಯಿತು.

ಕಳೆದ ತಿಂಗಳು ಮಾವ ಫೋನ್ ಮಾಡಿದರು. ಮಾವ ಅಂದರೆ ಅಮ್ಮನ ತಮ್ಮ, ಉಡುಪಿಯಲ್ಲಿ ಚಿನ್ನದ ಕೆಲಸ.

"ಅಂಗಡಿ ಬಿಡುವುದು ಅಂತ ಮಾಡಿದೆ ಮಾರಾಯ. ನೆಲ ತೆಗೆಯಲಿಕ್ಕುಂಟು. ನಿನ್ನ ಟೀವಿಯಲ್ಲಿ ಬರುವ ಹಾಗೇ. ನೋಡಬೇಕಾದ್ರೆ ಬಾ."

ಶುಕ್ರವಾರ ರಾತ್ರಿ ಬಸ್ ಹತ್ತಿದೆ. ಬೆಳಿಗ್ಗೆ ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಇಳಿದು, ಸಿಟಿ ಬಸ್ಸಿನಲ್ಲಿ ಇಳಿಜಾರು ಇಳಿದು ಉಡುಪಿ ಸೇರಿದೆ. ರಥಬೀದಿಯಲ್ಲಿ ಆಗಲೇ ಜನ. 2019ರಲ್ಲಿ, ಪಲಿಮಾರು ಮಠದ ಪರ್ಯಾಯದ ಕಾಲದಲ್ಲಿ, ಕೃಷ್ಣನ ಗರ್ಭಗುಡಿಯ ಮಾಡಿಗೆ ಚಿನ್ನ ಹೊದಿಸಿದರಲ್ಲ, ಅದನ್ನು ನೋಡಲು ಎಲ್ಲರೂ ತಲೆ ಎತ್ತುತ್ತಾರೆ. ಅಲ್ಲಿಂದ ಐದು ನಿಮಿಷ ದೂರದ ಓಣಿಯಲ್ಲಿ ಮಾವ ನೆಲ ನೋಡುತ್ತಾ ಕೂತಿದ್ದರು.

ಹತ್ತಡಿಗೆ ಎಂಟಡಿಯ ಕೋಣೆ. 31 ವರ್ಷ ಮಾವ ಅಲ್ಲೇ ಕೂತು ಕೆಲಸ ಮಾಡಿದ್ದಾರೆ. ಜೊತೆಗೆ 22 ವರ್ಷದಿಂದ ನಾವೆಲ್ಲ 'ಅಣ್ಣ' ಅನ್ನುವ ಕೆಲಸದವರು. ಶೋರೂಮುಗಳು ಬಂದ ಮೇಲೆ ಹೊಸ ಆರ್ಡರ್ ನಿಂತೇಹೋಯಿತು. ತುಂಡಾದ ಸರಕ್ಕೆ ಬೆಸುಗೆ, ಸಡಿಲವಾದ ಉಂಗುರ, ಅಷ್ಟೇ.

ಅರದಿಂದ ಉಜ್ಜುವಾಗ ಚಿನ್ನದ ಪುಡಿ ಹಾರುತ್ತದೆ. ಕೂದಲಿಗೆ, ಬಟ್ಟೆಗೆ, ಕಾಲಿಗೆ ಅಂಟುತ್ತದೆ. ಹಾಗಾಗಿ ಅಕ್ಕಸಾಲಿಗರು ಕೈ ತೊಳೆದ ನೀರನ್ನೂ ಚೆಲ್ಲುವುದಿಲ್ಲ, ಗುಡಿಸಿದ ಕಸವನ್ನೂ ಎಸೆಯುವುದಿಲ್ಲ. ಮುಂಬಯಿಯ ಜವೇರಿ ಬಜಾರಿನಲ್ಲಿ ಮೋರಿಯ ಹೂಳು ತೊಳೆದೇ ಬದುಕುವವರಿದ್ದಾರೆ. ನಮ್ಮ ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದವರಿಗೆ ಜಲಗಾರರು ಎಂದೇ ಹೆಸರಿತ್ತು. ಅಂಗಡಿ ಖಾಲಿ ಮಾಡುವಾಗ ನೆಲವನ್ನೇ ಎಬ್ಬಿಸುವುದು ಈ ಕಸುಬಿನ ಕೊನೆಯ ಕೆಲಸ.

ಅಣ್ಣ ಉಳಿಯಲ್ಲಿ ಕೆಂಪು ನೆಲದ ಬಿರುಕುಗಳನ್ನು ಬಿಡಿಸಿದರು. ಮಣ್ಣು, ಹಳೆಯ ಚಾಪೆ, ಕಸದ ಡಬ್ಬಿ ಎಲ್ಲ ಸೇರಿ ಮೂರು ಗೋಣಿ, ಸುಮಾರು 40 ಕೆ.ಜಿ. ಅದನ್ನು ಓಮ್ನಿಗೆ ಹಾಕಿ ಕಾಪುವಿನ ಮಾವನ ಮನೆಗೆ ಹೊರಟೆವು.

ಮನೆಯ ಬಾವಿಕಟ್ಟೆಯೇ ನಮ್ಮ ಕ್ಲಾಂಡೈಕ್. ಚಾಪೆ, ಕಸ ಸುಟ್ಟು ಬೂದಿ ಮಾಡಿದೆವು. ಕುಟ್ಟಿ ಜರಡಿ ಹಿಡಿದೆವು. ಅರದ ಕಬ್ಬಿಣದ ಪುಡಿಯನ್ನು ಅಯಸ್ಕಾಂತ ಎಳೆದುಕೊಂಡಿತು. ಆಮೇಲೆ ಬಾಣಲೆಯಲ್ಲಿ ನೀರು ಹಾಕಿ ಅಲ್ಲಾಡಿಸುವುದು. ಹಗುರ ಮಣ್ಣು ಹೋಗುತ್ತದೆ, ಭಾರದ್ದು ತಳದಲ್ಲಿ ನಿಲ್ಲುತ್ತದೆ. "ಪಾದರಸ ಹಾಕಿದರೆ ಬೇಗ ಆಗ್ತದಲ್ವಾ?" ಅಂತ ಯೂಟ್ಯೂಬ್ ಜ್ಞಾನ ತೋರಿಸಿದೆ. "ಆ ಹೊಗೆ ಕುಡಿದವರ ಕೈ ನಡುಗುವುದು ನಾನು ನೋಡಿದ್ದೇನೆ. ಬೇಡ" ಅಂದರು ಮಾವ.

ಸಂಜೆ ಸೊಂಟ ನೆಟ್ಟಗೆ ಮಾಡಲು ಬೀಚಿಗೆ ಹೋದೆವು. 1901ರ ದೀಪಸ್ತಂಭದ ಬಂಡೆ ಮೇಲೆ ಸೆಲ್ಫಿ ತೆಗೆಯುವವರ ಸಾಲು. ಮಾವ ಮಾತಾಡಲಿಲ್ಲ.

ಭಾನುವಾರ ಬೆಳಿಗ್ಗೆ ಉಳಿದ ಕಪ್ಪು ಪುಡಿಗೆ ಬಿಳಿಗಾರ ಬೆರೆಸಿ ಮೂಸೆಯಲ್ಲಿ ಕರಗಿಸಿದರು. ತಣಿದ ಮೇಲೆ ಮೂಸೆ ಒಡೆದರೆ ಬಟಾಣಿಗಿಂತ ಸ್ವಲ್ಪ ದೊಡ್ಡ ಗುಂಡು. ತಕ್ಕಡಿ ಬಂತು: 14 ಗ್ರಾಂ. ಒರೆಗಲ್ಲಿಗೆ ಉಜ್ಜಿ ನೋಡಿ, "ಬೆಸುಗೆಯ ಬೆಳ್ಳಿ, ತಾಮ್ರ ಎಲ್ಲ ಉಂಟು, ಅಪರಂಜಿ ಅಲ್ಲ" ಅಂದರು.

ನನ್ನ ತಲೆ ಸುಮ್ಮನಿರಬೇಕಲ್ಲ. 40 ಕೆ.ಜಿ.ಗೆ 14 ಗ್ರಾಂ ಅಂದರೆ ಟನ್ನಿಗೆ 350 ಗ್ರಾಂ. ಚಿನ್ನದ ಗಣಿಯ ಅದಿರಿನಲ್ಲಿ ಸಾಮಾನ್ಯವಾಗಿ ಟನ್ನಿಗೆ ಸಿಗುವುದು ಕೆಲವೇ ಗ್ರಾಂ. ಇದಕ್ಕೆ ಸಾಟಿ ಹಳೆಯ ಮೊಬೈಲುಗಳು ಮಾತ್ರ, ಟನ್ನಿಗೆ ಸುಮಾರು 300 ಗ್ರಾಂ. ಟೋಕಿಯೋ ಒಲಿಂಪಿಕ್ಸಿನ ಪದಕಗಳಿಗೆ ಜಪಾನಿನ ಜನ ಕೊಟ್ಟ ಗುಜರಿ ಮೊಬೈಲು, ಲ್ಯಾಪ್‌ಟಾಪುಗಳಿಂದಲೇ 32 ಕೆ.ಜಿ. ಚಿನ್ನ ತೆಗೆದಿದ್ದರು.

ಮಾವ ಗುಂಡನ್ನು ತಟ್ಟಿ, ಕತ್ತರಿಸಿ, ತೂಗಿ ಏಳು ಗ್ರಾಂ ಅಣ್ಣನ ಕೈಗಿಟ್ಟರು. ಅಣ್ಣ "ಬೇಡ, ಬೇಡ" ಅಂದರು. ನನಗೂ ತಡೆಯಲಿಲ್ಲ. "ಮಾವ, ನಿಮ್ಮ ಕಣ್ಣಿನ ಆಪರೇಷನ್ ಬಾಕಿ ಉಂಟಲ್ಲ. ಅಂಗಡಿ ನಿಮ್ಮದು ತಾನೇ?"

"ಅಂಗಡಿ ನನ್ನದು. ಪುಡಿ ಇಬ್ಬರ ಕೈಯಿಂದ ಬಿದ್ದದ್ದು. ನಿಜ ಹೇಳಿದರೆ ಗಿರಾಕಿಗಳದ್ದು, ಸವಕಳಿ ಅಂತ ಹಣ ಕೊಟ್ಟದ್ದು ಅವರು. 31 ವರ್ಷದ ಗಿರಾಕಿಗಳನ್ನು ಎಲ್ಲಿ ಹುಡುಕುವುದು?"

ಆಮೇಲೆ ತಮ್ಮ ಪಾಲಿನಿಂದ ಅಕ್ಕಿಕಾಳಿನಷ್ಟು ಕತ್ತರಿಸಿ ಕಾಗದದಲ್ಲಿ ಮಡಚಿದರು. "ಅಕ್ಕನಿಗೆ ಕೊಡು. ಅವಳ ಮದುವೆಯ ಬಳೆ ಇಲ್ಲೇ ಮಾಡಿದ್ದು."

ಮಧ್ಯಾಹ್ನ ಕಾರ್ಕಳದ ಬಸ್ ಹತ್ತಿದೆ. ಊರಿನ ಬಂಡೆ ಮೇಲೆ 1432ರಿಂದ ನಿಂತ 42 ಅಡಿಯ ಬಾಹುಬಲಿ ಕಂಡಾಗ ಒಂದು ವಿಷಯ ಹೊಳೆಯಿತು. ಕಲ್ಲು ಕೆತ್ತುವವರಿಗೆ ಕೆಳಗೆ ಬಿದ್ದದ್ದರ ಲೆಕ್ಕವಿಲ್ಲ. ಚಿನ್ನದವರಿಗೆ ಜೀವಮಾನವಿಡೀ ಅದೇ ಲೆಕ್ಕ, ಮೇಲೆ ಕಳ್ಳ ಎಂಬ ಹೆಸರು ಬೇರೆ.

ಅಮ್ಮ ಕಾಗದ ಬಿಡಿಸಿ ನೋಡಿ ನಕ್ಕುಬಿಟ್ಟಳು. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರೆ. ನನ್ನ ತಮ್ಮ ವಾಪಸ್ ಕಳಿಸಿದ್ದಾನೆ ನೋಡು."

ನಗು ನಿಂತ ಮೇಲೆ ಫೋನ್ ಹಚ್ಚಿದಳು. "ನಾಳೆಯಿಂದ ಏನು ಮಾಡ್ತಿ?"

ಸ್ಪೀಕರಿನಲ್ಲಿ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. "ಬೆಳಿಗ್ಗೆ ಏಳ್ತೇನೆ ಅಕ್ಕ. ಆಮೇಲೆ ನೋಡುವ."

ಮುಂದಿನ ತಿಂಗಳು ಅವರ ಕಣ್ಣಿನ ಆಪರೇಷನ್. ಈ ಸಲ ರಜೆ ಹಾಕಿಯೇ ಹೋಗುತ್ತೇನೆ.