ಕಾಗದದ ಮುನಿಸು

ಕಾಗದವು ನಿರ್ಜೀವ ವಸ್ತುವೆಂದು ನಂಬಿದ ವಾಚಕರು ಯಾರಾದರೂ ಇದ್ದರೆ, ಅವರು ಒಮ್ಮೆ ಐಪ್ಪಸಿ ತಿಂಗಳ ಮಳೆಯಲ್ಲಿ ನಮ್ಮ ಪೋರೂರಿಗೆ ದಯಮಾಡಿಸಬೇಕು. ಆ ದಿನಗಳಲ್ಲಿ ಇಲ್ಲಿ ಕರಿದ ಹಪ್ಪಳ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ. ಮರದ ಬಾಗಿಲು ಊದಿಕೊಂಡು ಚೌಕಟ್ಟನ್ನು ಕಚ್ಚುತ್ತದೆ. ಉಪ್ಪಿನ ಭರಣಿಯಲ್ಲಿ ನೀರಾಡುತ್ತದೆ. ಕಾಗದವೂ ಹಾಗೆಯೇ, ಯಾರಿಗೂ ಹೇಳದೆ ಗಾಳಿಯ ತೇವವನ್ನು ಕುಡಿಯುತ್ತ ಕುಳಿತಿರುತ್ತದೆ. ಕುಡಿದುದನ್ನು ಅದು ಕಕ್ಕುವುದು ಅಚ್ಚಿನ ಯಂತ್ರದ ಹೊಟ್ಟೆಯೊಳಗೆ.

ನಾವು ಸರ್ಕಾರಿ ಕಛೇರಿಯ ಗುಮಾಸ್ತೆಗಳು. ಕಾಗದದೊಡನೆಯೇ ನಮ್ಮ ಸಂಸಾರ. ಅದೂ ಅಲ್ಲದೆ ನಾವು ಭದ್ರಾವತಿಯ ಕಡೆಯವರು. ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯ ಹೊಗೆಯನ್ನು ನೋಡುತ್ತ, ಅದರ ವಾಸನೆಯನ್ನು ಬೈಯುತ್ತ ಬೆಳೆದವರು. ೨೦೧೫ರಲ್ಲಿ ಅಲ್ಲಿ ಕೆಲಸ ನಿಂತ ಮೇಲೆ ಆ ವಾಸನೆಯನ್ನೂ ನೆನೆದು ಮರುಗಿದವರು. ಇಷ್ಟೆಲ್ಲ ಇದ್ದರೂ ಕಾಗದದ ಸ್ವಭಾವವೇನೆಂಬುದು ನಮಗೆ ತಿಳಿದುಬಂದದ್ದು ೨೦೨೪ರ ಅಕ್ಟೋಬರ್ ೧೯ರ ಶನಿವಾರ, ಪೋರೂರಿನ ಒಂದು ಪುಟ್ಟ ಅಚ್ಚಿನಂಗಡಿಯಲ್ಲಿ.

ಮರುದಿನ ಭಾನುವಾರ ನಮ್ಮ ಮಕ್ಕಳ ಕನ್ನಡ ಪಾಠ ಆರಂಭವಾಗಬೇಕಾಗಿತ್ತು. ನಲವತ್ತು ಮಕ್ಕಳು, ನಲವತ್ತೆಂಟು ಪುಟಗಳ ಒಂದು ಪಾಠದ ಪುಸ್ತಕ. ಹಾಳೆಗೆ ನಾಲ್ಕು ಪುಟವಾಗಿ, ನಡುವೆ ಮಡಿಸಿ ಹೊಲಿದರೆ ಪುಸ್ತಕಕ್ಕೆ ಹನ್ನೆರಡು ಹಾಳೆ, ಒಟ್ಟು ೪೮೦. ಐನೂರು ಹಾಳೆಯ ಒಂದು ಕಟ್ಟು ಸಾಕು, ಇಪ್ಪತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಊಟದ ಹೊತ್ತಿಗೆ ಮನೆಗೆ ಬರುವುದಾಗಿ ಮನೆಯಾಕೆಗೆ ಮಾತು ಕೊಟ್ಟು ಹೊರಟೆವು. ಗುಮಾಸ್ತೆಯ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ!

ಅದೇ ವಾರ, ೧೫ ಮತ್ತು ೧೬ರಂದು ಚೆನ್ನೈಯಲ್ಲಿ ಭಾರೀ ಮಳೆ. ಕಾರುಳ್ಳವರು ಅವನ್ನು ವೇಳಚ್ಚೇರಿಯ ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ಬಂದಿದ್ದರು. ಮಳೆ ಹೋಗಿತ್ತು, ಗಾಳಿಯ ತೇವ ಹೋಗಿರಲಿಲ್ಲ.

ಅಂಗಡಿಯ ಯಂತ್ರ ಆಳೆತ್ತರದ್ದು. ಅದನ್ನು ನಡೆಸುವ ಹುಡುಗನಿಗೆ ಕನ್ನಡ ಬಾರದು. "ಇದು ಜಿಲೇಬಿ ಅಕ್ಷರ ಸಾರ್, ಮೇಲು ಯಾವುದು ಕೆಳಗು ಯಾವುದು ನೀವೇ ಹೇಳಿ" ಎಂದು ತಮಿಳಿನಲ್ಲಿ ನಕ್ಕ. ಮೊದಲ ಏಳೆಂಟು ಹಾಳೆ ಬಂದುವು. ಒಂಬತ್ತನೆಯದು ಒಳಗೇ ಸಿಕ್ಕಿಕೊಂಡಿತು. ಹುಡುಗ ಮುಚ್ಚಳ ತೆಗೆದು ಹಿಂದಕ್ಕೆ ಜಗ್ಗಿದ. ಹಾಳೆ ಹರಿದು ಮುಕ್ಕಾಲು ಭಾಗ ಕೈಗೆ ಬಂತು. ಮುಚ್ಚಿದರೆ ಯಂತ್ರ ಇನ್ನೂ ಸಿಕ್ಕಿಕೊಂಡಿದೆ ಎಂದೇ ದೀಪ ತೋರಿಸುತ್ತದೆ. ಹೀಗೆ ಮೂರು ಸಲ. ನಡುವೆ ಬಂದ ಹಾಳೆಗಳಲ್ಲಿ ಓರೆಯಾದ ಸುಕ್ಕು. ಬೆರಳಿನಿಂದ ಬಿಡಿಸಿದರೆ ಮಸಿ ತಾಗದ ಒಂದು ಬಿಳಿ ಗೆರೆ.

ಬೇರೆ ಬರಹವಾಗಿದ್ದರೆ ಆ ಗೆರೆಯನ್ನು ಕ್ಷಮಿಸಬಹುದಿತ್ತು. ಆದರೆ ನಮ್ಮ ಅಕ್ಷರಗಳ ಮಹಡಿ ಕಟ್ಟಡವನ್ನು ವಾಚಕರು ಬಲ್ಲರು: ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಬಿಳಿ ಗೆರೆ ಕೆಳಮಹಡಿಯಲ್ಲಿ ಹಾದುಹೋದಲ್ಲೆಲ್ಲ ಒತ್ತು ಮಾಯ. 'ಅಮ್ಮ' ಹೋಗಿ 'ಅಮ', 'ಅಕ್ಕ' ಹೋಗಿ 'ಅಕ'. ದಿನವೆಲ್ಲ ಬೀದಿಯಲ್ಲಿ, ಶಾಲೆಯಲ್ಲಿ ಒತ್ತಕ್ಷರವೇ ಇಲ್ಲದ ತಮಿಳನ್ನು ಓದುವ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕಷ್ಟವಾಗುವುದೇ ಈ ಒತ್ತು. ವಾರಕ್ಕೊಮ್ಮೆ ಕನ್ನಡ ಕಾಣುವ ಮಗು ಪುಸ್ತಕದಲ್ಲಿ ಇದ್ದಂತೆಯೇ ಓದುತ್ತದೆ. ತಪ್ಪೆಂದು ಹೇಳಲು ಎದುರಿಗೆ ಒಂದು ಅಂಗಡಿಯ ಹಲಗೆಯೂ ಇಲ್ಲ. ಹುಡುಗನಿಗಾದರೋ ಹಾಳೆ ಹಾಳಾಯಿತೆಂದೇ ತೋರದು. ಆದ್ದರಿಂದ ನಾವು ಸ್ಟೂಲು ಎಳೆದುಕೊಂಡು, ಹೊರಬರುವ ಪ್ರತಿಯೊಂದು ಹಾಳೆಯನ್ನೂ ಹಿಡಿದು ನೋಡುತ್ತ ಕುಳಿತೆವು. ಯಂತ್ರದ ಕಂಪೆನಿಯ ರಿಪೇರಿಯವನು ಸೋಮವಾರ ಬರುತ್ತಾನೆಂದು ಫೋನಿನಲ್ಲಿ ಉತ್ತರ ಬಂತು.

ನಮ್ಮ ಪುಣ್ಯಕ್ಕೆ ಅಂಗಡಿಯ ಹಿಂಬದಿಯಲ್ಲಿ ಪುಸ್ತಕ ಹೊಲಿಯುವ ಮುದುಕರೊಬ್ಬರಿದ್ದರು. ಮೊಳೆ ಜೋಡಿಸುವ ಕಾಲದಿಂದ ಅಚ್ಚುಕೂಟದಲ್ಲಿ ದುಡಿದವರು. ಅವರು ಎದ್ದು ಬಂದು ಯಂತ್ರವನ್ನು ನೋಡಲೇ ಇಲ್ಲ. ತಟ್ಟೆಯಿಂದ ಒಂದು ಹಾಳೆ ತೆಗೆದು ಕಿವಿಯ ಬಳಿ ಅಲ್ಲಾಡಿಸಿದರು. ಒಣಗಿದ ಕಾಗದ ಗರಗರ ಎನ್ನಬೇಕು. ಇದು ಒದ್ದೆ ಪಂಚೆಯಂತೆ ಮೆತ್ತಗೆ ಸದ್ದು ಮಾಡಿತು.

ಆಮೇಲೆ ಒಂದೊಂದಾಗಿ ಕೆಲಸ. ಯಂತ್ರವನ್ನು ಆರಿಸಿ, ಬಿಸಿ ಆರುವವರೆಗೆ ಕಾದು, ಟಾರ್ಚು ಬಿಟ್ಟು ಹುಡುಕಿದಾಗ ಉಗುರಿನಷ್ಟು ಕಾಗದದ ಚೂರು ಕಣ್ಣಿಗೆ ಬಿತ್ತು. ಹಾಳೆ ಹಾದುಹೋಯಿತೇ ಎಂದು ನೋಡುವ ಪುಟ್ಟ ಕಾವಲುಗಾರನ ಮುಂದೆಯೇ ಅದು ಕುಳಿತಿತ್ತು. ಹಾಳೆ ಯಾವ ಕಡೆಗೆ ಹೊರಟಿತ್ತೋ ಆ ಕಡೆಗೇ, ಎರಡು ಕೈಯಿಂದ ಮೆಲ್ಲಗೆ ಎಳೆಯಬೇಕೆಂದು ಮುದುಕರು ಹುಡುಗನಿಗೆ ತೋರಿಸಿದರು. ಹಾಳೆಯನ್ನು ಎತ್ತುವ ರಬ್ಬರ್ ಉರುಳೆ ಕಾಗದದ ಧೂಳು ಮೆತ್ತಿ ನುಣ್ಣಗಾಗಿತ್ತು. ತೇವದ ಬಟ್ಟೆಯಲ್ಲಿ ಒರೆಸಿದ್ದಾಯಿತು. ತಟ್ಟೆಯ ಪಕ್ಕದ ಅಡ್ಡಪಟ್ಟಿ ಸಡಿಲವಾಗಿತ್ತು. ಹಾಳೆ ಓರೆಯಾಗಿ ಹೊರಡಲು ಅಷ್ಟು ಸಾಕು. ಬಿಗಿಯಾದರೂ ತೊಂದರೆಯೇ, ನಡುವೆ ಉಬ್ಬುತ್ತದೆ.

ಸಿಕ್ಕಿಕೊಳ್ಳುವುದು ನಿಂತಿತು, ಸುಕ್ಕು ನಿಲ್ಲಲಿಲ್ಲ. ಆಗ ಮುದುಕರು ಹೊಸ ಕಟ್ಟನ್ನು ಒಡೆಸಿ ಹತ್ತೇ ಹಾಳೆ ಹಾಕಿಸಿದರು. ಉರುಳೆಯೇ ಕೆಟ್ಟಿದ್ದರೆ ಹೊಸ ಕಾಗದದಲ್ಲೂ ಒಂದೇ ಜಾಗದಲ್ಲಿ ಸುಕ್ಕು ಬೀಳಬೇಕು. ಹತ್ತರಲ್ಲಿ ಒಂಬತ್ತು ನಯವಾಗಿ ಬಂದುವು. ಕಳ್ಳ ಸಿಕ್ಕಿದ: ರಾತ್ರಿ ಅಂಗಡಿ ಮುಚ್ಚುವಾಗ ತಂಪುಯಂತ್ರವನ್ನು ಆರಿಸುತ್ತಾರೆ, ಕಾಗದ ಮಾತ್ರ ತಟ್ಟೆಯಲ್ಲಿ ತೆರೆದೇ ಇರುತ್ತದೆ. ಕಟ್ಟಿನ ಅಂಚುಗಳು ಮೊದಲು ತೇವ ಹೀರಿ ಹಿಗ್ಗುತ್ತವೆ, ನಡುಭಾಗ ಹಿಗ್ಗದು, ಅಂಚು ಅಲೆಯಲೆಯಾಗುತ್ತದೆ. ಅಂಥ ಹಾಳೆಯನ್ನು ಸುಮಾರು ೧೮೦ ಡಿಗ್ರಿ ಬಿಸಿಯ ಎರಡು ಉರುಳೆಗಳು ಒತ್ತಿದರೆ ಅಲೆಯೇ ಮಡಿಕೆಯಾಗುತ್ತದೆ; ಒಳಗಿನ ನೀರು ಹಬೆಯಾಗಿ ಹಾಳೆಯನ್ನು ಸುರುಳಿ ಸುತ್ತುತ್ತದೆ.

ಉಳಿದ ಆ ಹತ್ತನೆಯ ಹಾಳೆಗೂ ಕಾರಣ ಸಿಕ್ಕಿತು. ಬೆಳಿಗ್ಗೆ ಯಾರದೋ ಮದುವೆಯ ಕರೆಯೋಲೆ ಅಚ್ಚಾಗಿತ್ತಂತೆ. ಯಂತ್ರ ಇನ್ನೂ 'ದಪ್ಪ ಕಾಗದ' ಎಂಬ ಏರ್ಪಾಟಿನಲ್ಲೇ ಇದ್ದು, ನಮ್ಮ ತೆಳು ಹಾಳೆಗೂ ಮದುವೆಯ ಓಲೆಯಷ್ಟೇ ಕಾವು ಕೊಡುತ್ತಿತ್ತು.

ಮಳೆಗಾಲದ ಕಾಗದದ ಈ ಮುನಿಸು ಪೋರೂರಿನದೇ ವಿಶೇಷವಲ್ಲವೆಂದು ಆಮೇಲೆ ಓದಿ ತಿಳಿದೆವು. ೧೯೦೨ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಅಚ್ಚುಕೂಟದಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಬೀಳಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದುವು. ಅದನ್ನು ಸರಿಪಡಿಸಲೆಂದು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ಗಾಳಿಯ ತೇವವನ್ನು ಹತೋಟಿಯಲ್ಲಿಡುವ ಏರ್ಪಾಟನ್ನು ರಚಿಸಿದರು. ಇಂದಿನ ಹವಾನಿಯಂತ್ರಣದ ಮೂಲ ಅದೇ. ಮೊದಲು ತಂಪು ಕಂಡದ್ದು ಕಾಗದ. ಮನುಷ್ಯನ ಸರದಿ ಆಮೇಲೆ. ನಮ್ಮ ಕಛೇರಿಯಲ್ಲಿ ಗುಮಾಸ್ತೆಗಳ ಸರದಿ ಇನ್ನೂ ಬಂದಿಲ್ಲ.

ಮದರಾಸಿಗೆ ಕನ್ನಡದ ಅಚ್ಚು ಹೊಸದೂ ಅಲ್ಲ. ಮೆಕೆರೆಲ್ ಸಾಹೇಬರ ಕನ್ನಡ ವ್ಯಾಕರಣ ೧೮೨೦ರಲ್ಲಿ ಅಚ್ಚಾದದ್ದು ಈ ಊರಿನಲ್ಲೇ. ನಾವು ಬಾಲ್ಯದಲ್ಲಿ ಕಿತ್ತಾಡಿ ಓದಿದ ಕನ್ನಡ 'ಚಂದಮಾಮ' ಬರುತ್ತಿದ್ದುದು ಪಕ್ಕದ ವಡಪಳನಿಯಿಂದ. ಆ ಅಚ್ಚುಕೂಟಗಳವರು ಎಷ್ಟು ಮಳೆಗಾಲಗಳನ್ನು ಹೇಗೆ ಕಳೆದರೋ!

ಕಾವನ್ನು ತಗ್ಗಿಸಿ, ತಟ್ಟೆಗೆ ಒಂದು ಸಲಕ್ಕೆ ಐವತ್ತೇ ಹಾಳೆ ಹಾಕಿ, ಉಳಿದುದನ್ನು ಅದರ ಹೊದಿಕೆಯಲ್ಲೇ ಸುತ್ತಿಟ್ಟು ಕೆಲಸ ಮುಂದುವರಿಯಿತು. ಎರಡು ಬದಿಯನ್ನೂ ಒಂದೇ ಓಟದಲ್ಲಿ ಹೊಡೆಯಲು ಮುದುಕರು ಬಿಡಲಿಲ್ಲ. ಒಂದು ಬದಿ ಮುಗಿಸಿ, ಹಾಳೆಗಳ ಮೇಲೆ ಹಲಗೆ ಹೇರಿ, ಅವು ತಣಿಯುವವರೆಗೆ ನಮಗೆಲ್ಲ ಚಹಾ ತರಿಸಿದರು. ಮಧ್ಯಾಹ್ನದ ಊಟಕ್ಕೆ ಹೊರಟ ನಾವು ಮನೆ ಮುಟ್ಟಿದಾಗ ರಾತ್ರಿ ಹತ್ತೂವರೆ. ನಲವತ್ತು ಪುಸ್ತಕಗಳು ಹೊಲಿಗೆಯಾಗಿ ಚೀಲದಲ್ಲಿದ್ದುವು. ಕೆಟ್ಟ ಹಾಳೆಗಳು ೩೪. ಅವನ್ನೂ ಬಿಡದೆ ತಂದೆವು. ಮನೆಯಾಕೆ ಏನಂದಳೆಂಬುದನ್ನು ಸಂಪಾದಕರು ಅಚ್ಚು ಹಾಕಲಾರರು.

ಭಾನುವಾರ ಪಾಠ ಹೇಳುವ ತಾಯಿ ಆ ಕೆಟ್ಟ ಹಾಳೆಗಳನ್ನು ನೋಡಿ ಬಿಸಾಡಗೊಡಲಿಲ್ಲ. ದೊಡ್ಡ ಮಕ್ಕಳಿಗೆ ಒಂದೊಂದು ಹಂಚಿ, ಬಿಳಿ ಗೆರೆಯಲ್ಲಿ ಬಿದ್ದುಹೋದ ಒತ್ತುಗಳನ್ನು ಪೆನ್ಸಿಲಿನಲ್ಲಿ ಹಾಕಿರೆಂದರು. ನಮ್ಮ ಮಗಳು 'ಅಕ್ಕ'ನಿಗೆ ಒತ್ತು ಕೊಟ್ಟಳು. 'ಅಜ್ಜಿ'ಯ ಬಳಿ ತುಸು ಹೊತ್ತು ಯೋಚಿಸಿ, ಎದ್ದು ಹೋಗಿ, ತಮ್ಮನ ಹೊಸ ಪುಸ್ತಕವನ್ನು ತೆರೆದು ನೋಡಿಕೊಂಡು ಬಂದಳು.