ಶಿರಾಡಿ ಇಳಿಯುವ ಮುನ್ನ

ಸಕಲೇಶಪುರ ಬಿಟ್ಟಾಗ ಬೆಳಗಿನ ಏಳೂವರೆ. ಹೇಮಾವತಿಯ ಮೇಲೆ ಮಂಜು ಇನ್ನೂ ಕವಿದುಕೊಂಡೇ ಇತ್ತು. ಪೇಟೆಯ ಅಂಚಿನ ಗ್ಯಾರೇಜುಗಳ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಒಂದರ ಹಿಂದಿನ ಚಕ್ರ ಬಿಚ್ಚಿ ಮರದ ದಿಮ್ಮಿಯ ಮೇಲೆ ಕೂರಿಸಿದ್ದರು. ಸುತ್ತಿಗೆಯ ಏಟು ಮಂಜಿನೊಳಗಿಂದ ಕೇಳುತ್ತಿತ್ತು. ‘ಇವರಿಗೆ ಬೆಳಗಾಗುವುದನ್ನೂ ಕಾಯುವ ವ್ಯವಧಾನವಿಲ್ಲ’ ಎಂದು ನಾನು ನಕ್ಕೆ. ಆ ನಗು ಎಷ್ಟು ತಿಳಿಗೇಡಿತನದ್ದು ಎಂಬುದು ಗೊತ್ತಾಗಲು ಮುಕ್ಕಾಲು ಗಂಟೆಯೂ ಬೇಕಾಗಲಿಲ್ಲ.

ಮಗಳಿಗೆ ಮಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಹಾಸ್ಟೆಲಿಗೆ ಬಿಟ್ಟು ಬರಲು ಹೊರಟಿದ್ದೆವು. ಎರಡು ವರ್ಷದ ಹಿಂದೆ ಕೊಂಡ ಹಳೆಯ ಗಾಡಿ ನಮ್ಮದು, ಏಳು ಸೀಟಿನದು, ಎಸ್‌ಯುವಿ ಎನ್ನುತ್ತಾರಲ್ಲ, ಅದು. ಹಾಸಿಗೆ, ಬಕೆಟ್ಟು, ಪುಸ್ತಕದ ಪೆಟ್ಟಿಗೆ, ಹೆಂಡತಿ ಜೋಪಾನವಾಗಿ ಕಟ್ಟಿದ ಉಪ್ಪಿನಕಾಯಿ ಜಾಡಿ ಎಲ್ಲವೂ ಅದರಲ್ಲಿ. ಓಡಿಸುತ್ತಿದ್ದವನು ತಂಗಿಯ ಮಗ. ಲೈಸೆನ್ಸ್ ಕೈಗೆ ಬಂದು ವರ್ಷ ತುಂಬಿತ್ತು. ತಪ್ಪೇನೂ ಮಾಡದ ಹುಡುಗ. ಆದರೆ ಘಾಟಿ ಇಳಿಸಿದ್ದು ಅದೇ ಮೊದಲು.

ದೋಣಿಗಲ್ ದಾಟಿದರೆ ಶಿರಾಡಿ ಘಾಟಿ ಶುರು. ಬೆಂಗಳೂರು-ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 (ಹಳಬರ ಬಾಯಲ್ಲಿ ಈಗಲೂ 48) ಇಲ್ಲಿಂದ ಗುಂಡ್ಯದವರೆಗೆ ಸುಮಾರು 26 ಕಿ.ಮೀ. ಕಾಡಿನೊಳಗೆ ಇಳಿಯುತ್ತದೆ. ಎಡಕ್ಕೋ ಬಲಕ್ಕೋ ಸದಾ ಒಂದು ಹೊಳೆ ಜೊತೆಗಿರುತ್ತದೆ. ಆಗುಂಬೆಯಂತೆ ಇಲ್ಲಿ ಎದೆ ನಡುಗಿಸುವ 14 ಕಡಿದಾದ ತಿರುವುಗಳಿಲ್ಲ. ಇಳಿಜಾರು ಸೌಮ್ಯವಾಗಿ ಕಾಣುತ್ತದೆ, ಆದರೆ ಮುಗಿಯುವುದಿಲ್ಲ. 2015 ಮತ್ತು 2018ರಲ್ಲಿ ಕಾಂಕ್ರೀಟು ಹಾಸಿದ ಮೇಲೆ ಹಳೆಯ ಹೊಂಡಗಳೂ ಹೋಗಿ ಗಾಡಿಗಳಿಗೆ ವೇಗ ಬಂದಿತು. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿರುವ ಸಕಲೇಶಪುರದಿಂದ ಗುಂಡ್ಯಕ್ಕೆ ಬರುವಷ್ಟರಲ್ಲಿ ಸುಮಾರು 800 ಮೀಟರ್ ಕೆಳಗಿಳಿದಿರುತ್ತೇವೆ. ಆ ಎತ್ತರದ ಲೆಕ್ಕವನ್ನು ಗಾಡಿಯ ಬ್ರೇಕು ತೀರಿಸಬೇಕು.

ನಮ್ಮ ಹುಡುಗ ಟಾಪ್ ಗೇರಿನಲ್ಲೇ ಇದ್ದ. ಬ್ರೇಕಿನ ಮೇಲಿಟ್ಟ ಕಾಲನ್ನು ಎತ್ತುತ್ತಿರಲಿಲ್ಲ. ಅದನ್ನು ಎಚ್ಚರಿಕೆ ಎಂದೇ ನಾನು ತಿಳಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ‘ಮುಂದಿನ ಲಾರೀದು ಮಾವ’ ಎಂದ. ಮುಂದಿನ ಲಾರಿ ತಿರುವಿನಲ್ಲಿ ಮರೆಯಾಯಿತು, ವಾಸನೆ ಮಾತ್ರ ನಮ್ಮ ಜೊತೆಗೇ ಬಂತು. ಮಾರನಹಳ್ಳಿ ಹತ್ತಿರವಾಗುತ್ತಿದ್ದಂತೆ ಅವನ ಧ್ವನಿ ಬದಲಾಯಿತು: ‘ಮಾವ, ಪೆಡಲ್ ಒಳಕ್ಕೆ ಹೋಗ್ತಾ ಇದೆ.’

ಹಿಂದಿನ ಸೀಟಿನಲ್ಲಿ ಮಗಳ ಮಾತು ನಿಂತಿತು. ಹುಡುಗ ಗೇರನ್ನು ಒಂದೊಂದಾಗಿ ಇಳಿಸಿದ. ಎಂಜಿನ್ ಚೀರಿತು. ಪೆಡಲನ್ನು ಮೇಲಿಂದ ಮೇಲೆ ಒತ್ತುತ್ತ, ಕೈಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ, ಗುಡ್ಡದ ಬದಿಯ ಅಗಲ ಜಾಗದಲ್ಲಿ ಹೇಗೋ ತಂದು ನಿಲ್ಲಿಸಿದ. ಅಲ್ಲಿ ಆಗಲೇ ಒಂದು ಹತ್ತು ಚಕ್ರದ ಲಾರಿ ನಿಂತಿತ್ತು. ಅದರ ಚಾಲಕ, ಅರವತ್ತರ ಆಸುಪಾಸಿನವರು, ನಮ್ಮನ್ನು ಏನೂ ಕೇಳಲಿಲ್ಲ. ಮೊದಲು ಒಂದು ದೊಡ್ಡ ಕಲ್ಲು ತಂದು ಮುಂದಿನ ಚಕ್ರಕ್ಕೆ ಕೊಟ್ಟರು. ನಾನು ನೀರಿನ ಬಾಟಲಿ ತೆಗೆದದ್ದು ನೋಡಿ ಕೈ ಅಡ್ಡ ಹಿಡಿದರು.

‘ನೀರು ಹಾಕ್ಬೇಡಿ ಸ್ವಾಮಿ. ಕಾದ ಕಬ್ಬಿಣ, ಬಿರುಕು ಬಿಡುತ್ತೆ. ಅದರ ಪಾಡಿಗೆ ಆರ್ಲಿ.’ ಆಮೇಲೆ ಹುಡುಗನ ಕಡೆ ತಿರುಗಿದರು. ‘ಯಾವ ಗೇರಲ್ಲಿ ಬಂದೆ ತಮ್ಮಾ?’

ಅವನು ಹೇಳಿದ. ಅವರು ಬೈಯಲಿಲ್ಲ. ‘ಯಾವ ಗೇರಲ್ಲಿ ಹತ್ತುತೀಯೋ ಅದೇ ಗೇರಲ್ಲಿ ಇಳೀಬೇಕು. ಎಂಜಿನ್ ಹಿಡೀಬೇಕು ಗಾಡೀನ. ಬ್ರೇಕು ನಿಲ್ಸೋಕೆ ಇರೋದು, ಹಿಡ್ಕೊಂಡು ಕೂರೋಕಲ್ಲ.’

ಗಾಡಿ ಆರುವ ತನಕ ಅವರ ಲಾರಿಯೇ ನಮಗೆ ಪಾಠಶಾಲೆಯಾಯಿತು. ದೊಡ್ಡ ಲಾರಿಯಲ್ಲಿ ಬ್ರೇಕನ್ನು ಒತ್ತುವುದು ಚಾಲಕನ ಕಾಲಿನ ಬಲವಲ್ಲ, ಗಾಳಿ. ಎಂಜಿನ್ನಿನ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುತ್ತದೆ. ಪೆಡಲ್ ಒತ್ತಿದರೆ ಆ ಗಾಳಿ ಚಕ್ರದ ಬಳಿಯಿರುವ ಡಬ್ಬಿಗೆ ನುಗ್ಗಿ ಒಂದು ಸರಳನ್ನು ನೂಕುತ್ತದೆ. ಸರಳು ಸ್ಲ್ಯಾಕ್ ಅಡ್ಜಸ್ಟರ್ ಎಂಬ ತೋಳನ್ನು ತಿರುಗಿಸುತ್ತದೆ. ತೋಳು ಕ್ಯಾಮನ್ನು ತಿರುಗಿಸಿದಾಗ ಎರಡು ಶೂಗಳು ಅಗಲವಾಗಿ, ಅವುಗಳ ಮೈಗೆ ರಿವೆಟ್ ಹೊಡೆದ ಲೈನರ್ ತಿರುಗುವ ಡ್ರಮ್ಮಿನ ಒಳಮೈಯನ್ನು ಉಜ್ಜುತ್ತದೆ. ಉಜ್ಜಿದಲ್ಲಿ ಶಾಖ. ಶಾಖ ಹೆಚ್ಚಾದರೆ ಲೈನರಿನ ಹಿಡಿತ ಸಡಿಲುತ್ತದೆ. ಅಷ್ಟೇ ಅಲ್ಲ, ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಸರಳು ಇನ್ನಷ್ಟು ದೂರ ಹೋಗಬೇಕು. ಲೈನರ್ ಮೊದಲೇ ಸವೆದಿದ್ದು, ಅಡ್ಜಸ್ಟರನ್ನು ಬಿಗಿ ಮಾಡಿಸದೇ ಇದ್ದರೆ, ಸರಳಿಗೆ ಹೋಗಲು ಜಾಗವೇ ಉಳಿಯುವುದಿಲ್ಲ. ಪೇಟೆಯ ರಸ್ತೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತಿದ್ದ ಬ್ರೇಕು ಘಾಟಿಯ ನಡುವೆ ಇಲ್ಲವಾಗುವುದು ಹೀಗೆ.

‘ಗಾಬರೀಲಿ ಪಟಪಟ ಅಂತ ಒತ್ತಿದ್ರೆ ಟ್ಯಾಂಕಿನ ಗಾಳೀನೂ ಖಾಲಿ. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡಿದ್ರೆ ಮುಗೀತು’ ಎಂದರು. ಈಗಿನ ಲಾರಿಗಳಲ್ಲಿ ಗಾಳಿ ಬಹಳ ಇಳಿದರೆ ಸ್ಪ್ರಿಂಗ್ ಬಿಚ್ಚಿಕೊಂಡು ಹಿಂದಿನ ಚಕ್ರಗಳನ್ನು ತಾನಾಗಿ ಹಿಡಿಯುವ ವ್ಯವಸ್ಥೆಯಿದೆ. ಎಕ್ಸಾಸ್ಟ್ ಬ್ರೇಕು ಎಂಬುದೂ ಇದೆ: ಹೊಗೆ ಹೋಗುವ ಕೊಳವೆಯನ್ನು ಒಂದು ಮುಚ್ಚಳ ಅಡ್ಡಗಟ್ಟಿ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆಯುವಂತೆ ಮಾಡುತ್ತದೆ. ಆದರೆ ಕಾದ ಡ್ರಮ್ಮನ್ನು ಸ್ಪ್ರಿಂಗೂ ಗಟ್ಟಿಯಾಗಿ ಹಿಡಿಯಲಾರದು, ಮೇಲಿನ ಗೇರಿನಲ್ಲಿ ಎಕ್ಸಾಸ್ಟ್ ಬ್ರೇಕಿನ ಬಲವೂ ಕಡಿಮೆಯೇ.

ಅರ್ಧ ಗಂಟೆಯ ಮೇಲೆ ನಮ್ಮ ಪೆಡಲ್ ಮತ್ತೆ ಗಟ್ಟಿಯಾಯಿತು. ಹಿರಿಯರು ಅದನ್ನು ನಂಬಲಿಲ್ಲ. ‘ಹೆಣ್ಣುಮಕ್ಕಳನ್ನ ಬಸ್ಸಿಗೆ ಹತ್ತಿಸಿ. ನೀವಿಬ್ರು ನನ್ನ ಹಿಂದೇನೇ ಬನ್ನಿ, ಎರಡನೇ ಗೇರು ಬಿಡ್ಬೇಡಿ’ ಎಂದರು. ಕೆಂಪು ಬಸ್ಸು ನಿಂತಿತು. ಬಸ್ಸಿನ ಕಿಟಕಿಯಿಂದ ಮಗಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಗುಂಡ್ಯದವರೆಗೆ ನಾವು ಆ ಲಾರಿಯ ಹಿಂಬದಿಯ ಬಾಗಿಲನ್ನೇ ನೋಡುತ್ತ ಇಳಿದೆವು. ಕೆಂಪುಹೊಳೆ ಯಾವಾಗ ಬಂತು, ಯಾವಾಗ ಹಿಂದಾಯಿತು ಎಂಬುದು ನೆನಪಿಲ್ಲ.

ಗುಂಡ್ಯದ ಹೋಟೆಲಿನಲ್ಲಿ ಮಗಳು ಒಂದು ಕಾಗದದ ಮೇಲೆ ಏನೋ ಗೀಚುತ್ತ ಕುಳಿತಿದ್ದಳು. ಭಯಕ್ಕೆ ಅವಳು ಕಂಡುಕೊಂಡ ಮದ್ದು ಅದು. ‘ಅಪ್ಪಾ, ಆ ಅಂಕಲ್ ಲಾರಿ ಲೋಡ್ ಸೇರಿ 25 ಟನ್ ಅಂದ್ಕೊಳ್ಳಿ. 800 ಮೀಟರ್ ಇಳಿದ್ರೆ 19 ಕೋಟಿ 60 ಲಕ್ಷ ಜೂಲ್.’ ನನ್ನ ಮುಖ ನೋಡಿ ಬಿಡಿಸಿ ಹೇಳಿದಳು. 30 ಡಿಗ್ರಿಯ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಕ್ತಿಯನ್ನು ಬಳಸಿದರೆ 650 ಲೀಟರಿಗೂ ಹೆಚ್ಚು ನೀರು ಕಾಯುತ್ತದೆ, ಒಂದು ಮದುವೆ ಮನೆಯ ಸ್ನಾನಕ್ಕೆ ಸಾಕು. ಇಳಿಯಲು ಒಂದು ಗಂಟೆ ಹಿಡಿದರೆ, ಆ ಗಂಟೆಯುದ್ದಕ್ಕೂ 2 ಕಿಲೋವ್ಯಾಟಿನ 27 ಗೀಸರುಗಳು ಒಟ್ಟಿಗೆ ಉರಿದ ಹಾಗೆ. 60 ಕಿ.ಮೀ. ವೇಗದಲ್ಲಿ ಓಡುವ ಅದೇ ಲಾರಿಯನ್ನು ಐವತ್ತಕ್ಕೂ ಹೆಚ್ಚು ಸಲ ಪೂರ್ತಿ ನಿಲ್ಲಿಸಿದರೆ ಎಷ್ಟು ಶಾಖವೋ ಅಷ್ಟು. ಇದರಲ್ಲಿ ಎಂಜಿನ್ನು, ಗಾಳಿ, ಟಯರು ಎಷ್ಟನ್ನು ನುಂಗಿದರೆ ಬ್ರೇಕಿಗೆ ಅಷ್ಟು ಹಗುರ. 2018ರಲ್ಲಿ ಇಂಥ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 25 ಟನ್ನಿನಿಂದ 28.5 ಟನ್ನಿಗೆ ಏರಿತು. ಹೊರೆ ಏರಿದಂತೆ ಲೆಕ್ಕವೂ ಏರುತ್ತದೆ. ಪಿಯುಸಿಯಲ್ಲಿ ಅವಳು ಬಾಯಿಪಾಠ ಮಾಡುತ್ತಿದ್ದ ಸೂತ್ರ ಈಗ ನಮ್ಮೆದುರು ಚಹಾ ಕುಡಿಯುತ್ತ ಕುಳಿತಿತ್ತು.

ಅದೇ ಕಣಿವೆಯ ಇನ್ನೊಂದು ಬದಿಯಲ್ಲಿ ರೈಲು ಇಳಿಯುತ್ತದೆ. 1979ರಲ್ಲಿ ತೆರೆದ ಹಾಸನ-ಮಂಗಳೂರು ಮಾರ್ಗದ ಘಾಟಿ ಭಾಗ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿ.ಮೀ.; 57 ಸುರಂಗಗಳು; ಐವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರು. ಅಲ್ಲಿ ರೈಲು ಸಕಲೇಶಪುರದಲ್ಲಿ ನಿಂತು, ಬ್ರೇಕು ಪರೀಕ್ಷೆಯಾದ ಮೇಲೆಯೇ ಘಾಟಿಗೆ ಇಳಿಯಬೇಕು. ವೇಗ ಗಂಟೆಗೆ 30 ಕಿ.ಮೀ. ಮೀರುವಂತಿಲ್ಲ. ಹತೋಟಿ ತಪ್ಪಿದ ಗಾಡಿಯನ್ನು ಏರಿನ ಹಳಿಗೆ ತಿರುಗಿಸಿ ನಿಲ್ಲಿಸಲು ಕ್ಯಾಚ್ ಸೈಡಿಂಗುಗಳಿವೆ. ಎಂಥ ಅವಸರದ ರೈಲಿಗೂ ಇದರಿಂದ ವಿನಾಯಿತಿಯಿಲ್ಲ. ರಸ್ತೆಯಲ್ಲಿ ಇಳಿಯುವವನನ್ನು ಮಾತ್ರ ದೋಣಿಗಲ್ಲಿನಲ್ಲಿ ಯಾರೂ ತಡೆದು ‘ಬ್ರೇಕು ನೋಡಿಸಿದೆಯಾ?’ ಎಂದು ಕೇಳುವುದಿಲ್ಲ. ಕೇಳಿಕೊಳ್ಳಬೇಕಾದವನು ಅವನೇ.

ನಾನು ಕೇಳಿಕೊಂಡಿರಲಿಲ್ಲ. ಮಂಗಳೂರಿನ ಮೆಕ್ಯಾನಿಕ್ ಮುಂದಿನ ಚಕ್ರ ಬಿಚ್ಚಿ ಎರಡು ಪ್ಯಾಡುಗಳನ್ನು ನನ್ನ ಅಂಗೈ ಮೇಲಿಟ್ಟ. ಉಜ್ಜುವ ಪದರ ನಾಣ್ಯದಷ್ಟೂ ದಪ್ಪ ಉಳಿದಿರಲಿಲ್ಲ. ‘ಕಿರ್ ಅಂತ ಸದ್ದು ಬರ್ತಿರ್ಲಿಲ್ವಾ ಸಾರ್?’ ಬರುತ್ತಿತ್ತು. ಎರಡು ತಿಂಗಳಿಂದ ಬರುತ್ತಿತ್ತು. ಪ್ಯಾಡು ಸವೆದಾಗ ಡಿಸ್ಕಿಗೆ ತಾಗಿ ಎಚ್ಚರಿಸಲೆಂದೇ ಇಟ್ಟ ತಗಡಿನ ನಾಲಗೆ ಅದು. ಹಾಸ್ಟೆಲ್ ಫೀಸು ಕಟ್ಟಿದ ಮೇಲೆ ನೋಡೋಣ ಎಂದು ನಾನೇ ಮುಂದೂಡಿದ್ದೆ.

ಇನ್ನೊಂದನ್ನೂ ತೋರಿಸಿದ: ಬ್ರೇಕ್ ಆಯಿಲ್. ಚಿಕ್ಕ ಗಾಡಿಗಳಲ್ಲಿ ಒತ್ತಡವನ್ನು ಚಕ್ರಕ್ಕೆ ಸಾಗಿಸುವುದು ಈ ದ್ರವ. ಅದು ಗಾಳಿಯ ತೇವವನ್ನು ಹೀರುತ್ತ ಹೋಗುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಕುದ್ದರೆ ಕೊಳವೆಯಲ್ಲಿ ಆವಿ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿ ಕುಗ್ಗುತ್ತದೆ. ನಮ್ಮ ಹುಡುಗನ ಕಾಲು ಒತ್ತಿದ್ದು ಆ ಆವಿಯನ್ನು. ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕಾದ ದ್ರವವನ್ನು ಗಾಡಿ ಕೊಂಡಾಗಿನಿಂದ ನಾನು ಮುಟ್ಟಿಸಿರಲಿಲ್ಲ. ‘ತಣ್ಣಗಾದ ಮೇಲೆ ಪೆಡಲ್ ಗಟ್ಟಿಯಾದ್ರೂ ಅಲ್ಲಿಂದ ಓಡಿಸಬಾರದಿತ್ತು ಸಾರ್, ಎಳೆಸ್ಕೊಂಡು ಬರಬೇಕಿತ್ತು’ ಎಂದ. ಪ್ಯಾಡು, ಆಯಿಲ್ ಎರಡಕ್ಕೂ ಸೇರಿ ಆದ ಖರ್ಚು ಹಾಸ್ಟೆಲಿನ ಒಂದು ತಿಂಗಳ ಊಟದ ಬಿಲ್ಲಿಗಿಂತ ಕಡಿಮೆ.

ವಾಪಸು ಬರುವಾಗ ಸಕಲೇಶಪುರದ ಆ ಗ್ಯಾರೇಜಿನ ಮುಂದೆ ನಿಂತೆ. ಒಬ್ಬ ಮಿಸ್ತ್ರಿ ಶೂವಿನಿಂದ ಹಳೆಯ ಲೈನರ್ ಕಿತ್ತು ಹೊಸದಕ್ಕೆ ರಿವೆಟ್ ಹೊಡೆಯುತ್ತಿದ್ದ. ಪಕ್ಕದಲ್ಲಿದ್ದ ಡ್ರಮ್ಮಿನ ಒಳಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು. ಇನ್ನೊಂದು ಲೈನರ್ ಸವೆದಿರಲಿಲ್ಲ, ಆದರೆ ಗ್ರೀಸಿನಲ್ಲಿ ತೊಯ್ದಿತ್ತು. ಆಯಿಲ್ ಸೀಲು ಹೋದರೆ ಒಂದೇ ಚಕ್ರ ಹಿಡಿಯದೆ ಗಾಡಿ ಪಕ್ಕಕ್ಕೆ ಎಳೆಯುತ್ತದಂತೆ. ಹುಡುಗನೊಬ್ಬ ಗಾಳಿಯ ಪೈಪು ಹಿಡಿದು ಡ್ರಮ್ಮಿನ ದೂಳು ಊದಲು ಹೊರಟಾಗ ಮಿಸ್ತ್ರಿ ಗದರಿದ: ‘ಒದ್ದೆ ಬಟ್ಟೇಲಿ ಒರೆಸೋ.’ ಹಿಂದಿನ ಲೈನರುಗಳಲ್ಲಿ ಕಲ್ನಾರು ಬೆರೆಸುತ್ತಿದ್ದರು. ಅದರ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ನಮ್ಮ ಸುರಕ್ಷೆಯ ಬೆಲೆಯನ್ನು ಎಷ್ಟು ಮಂದಿ ಉಸಿರಿನಲ್ಲಿ ತೆತ್ತಿದ್ದಾರೋ.

ಅಂದು ನಾನು ನಕ್ಕ ಆ ಲಾರಿಯವರು ಬೆಳಗಾಗುವುದನ್ನೂ ಕಾಯದೆ ಚಕ್ರ ಬಿಚ್ಚಿಸಿದ್ದು ಘಾಟಿ ಇಳಿಯಲಿಕ್ಕೆ. ಗುಂಡ್ಯದಲ್ಲಿ ಬಿಚ್ಚಿಸಿ ಏನು ಪ್ರಯೋಜನ?

ಮಗಳು ಈಗ ಎರಡನೇ ಸೆಮಿಸ್ಟರು. ಅವಳನ್ನು ನೋಡಲು ಹೊರಟ ದಿನ ಬೆಳಿಗ್ಗೆ ತಪ್ಪದೆ ಫೋನು ಮಾಡುತ್ತಾಳೆ. ತಿಂಡಿ ಆಯಿತೇ, ಏನು ತರುತ್ತಿದ್ದೀರಿ ಎಂಬುದೆಲ್ಲ ಆಮೇಲಿನ ಮಾತು. ಮೊದಲ ಪ್ರಶ್ನೆ ಒಂದೇ:

‘ಅಪ್ಪಾ, ಸಕಲೇಶಪುರದಲ್ಲಿ ನಿಲ್ಲಿಸಿ ನೋಡಿಸಿದ್ರಾ?’